ದಿಗ್ಬಂಧನ ಖಾಯಂ ಮಾಡಿಬಿಟ್ರೆ ಏನಾಗುತ್ತೆ? ಮಾನ್ವಿ ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್ ನಮಸ್ಕಾರ ರೀ. ನಂದು ಮಾನ್ವಿ ತಾಲೂಕಿನಾಗ ಗೊಬ್ಬರ, ಬೀಜದ ಅಂಗಡಿ ಅದ. 2022ರಾಗ ಪೊಟ್ಯಾಷ್ ಚೀಲ 1,700 ರೂಪಾಯಿ ಆದಾಗ ರೈತರು ನನ್ನ ಮ್ಯಾಲೇ ಸಿಟ್ಟಾಗಿದ್ರು. ಬೆಲಾರುಸ್ ಮ್ಯಾಲೆ ಅಮೆರಿಕ, ಯುರೋಪ್‌ನವರು ನಿರ್ಬಂಧ ಹಾಕ್ಯಾರ, ಅದಕ್ಕ ರೇಟ್ ಏರೇದ ಅಂದ್ರ ಯಾರೂ ನಂಬಲಿಲ್ಲ. ಈಗ ಇರಾನ್ ಮ್ಯಾಲಿನ ಕಾನೂನು ಖಾಯಂ ಮಾಡಬೇಕು ಅಂತ ಅಮೆರಿಕದಾಗ ಮಾತು ನಡದದ ಅಂತ ಓದೀನಿ. ನನ್ನ ಮಗ ಬಳ್ಳಾರ್ಯಾಗ ಎಂಎ ಓದ್ತಾನ, ಅವಂದು ಒಂದೇ ಹಟ, ಹಾಕೋದಾದ್ರ ಖಾಯಂ ಹಾಕ್ಬೇಕು, ಹಾಕಿ ತಗದು ಮಾಡಿದ್ರ ಯಾರೂ ಅಂಜಂಗಿಲ್ಲ ಅಂತ. ನನಗ ಅನಸ್ತದ, ಖಾಯಂ ಮಾಡಿದ್ರ ಅಲ್ಲಿ ಬಡವರೇ ಸಾಯ್ತಾರ, ಇರಾಕ್‌ನಾಗ 5 ಲಕ್ಷ ಮಕ್ಕಳು ಸತ್ರು ಅಂತ ಕೇಳೀನಿ. ಇನ್ನೊಂದು ಏನಂದ್ರ, ನನ್ನ ಅಳಿಯಂದು ಗಂಗಾವತ್ಯಾಗ ರೈಸ್ ಮಿಲ್ ಅದ, ದುಬೈ ಬ್ರೋಕರ್ ಒಬ್ಬ ಇರಾನ್ ಪಾರ್ಟಿಗೆ ಅಕ್ಕಿ ಬೇಕು ಅಂತ ಗಂಟು ಬಿದ್ದಾನ. ಖಾಯಂ ಆದ್ರ ನಮ್ಮಂಥವರಿಗೆ ಏನಾಗ್ತದ, ಯಾವುದು ಸರಿ, ಸ್ವಲ್ಪ ಬಿಡಿಸಿ ಹೇಳ್ರಿ.

ಉತ್ತರ: ನಮಸ್ಕಾರ. ನಿಮ್ಮ ಕಷ್ಟ ಅರ್ಥ ಆಯ್ತು. ಮಗ ಹೇಳೋದ್ರಲ್ಲೂ ನ್ಯಾಯ ಇದೆ ಅನ್ಸುತ್ತೆ, ಆದ್ರೆ ಅಲ್ಲಿನ ಜನ ಏನು ತಪ್ಪು ಮಾಡಿದ್ರು ಅಂತ ಮನಸ್ಸು ಒಪ್ಪಲ್ಲ, ಅದರ ಮೇಲೆ ಅಂಗಡಿದು ಮಿಲ್ಲಿದು ಲೆಕ್ಕ ಬೇರೆ. ನಾನು ಬ್ಯಾಂಕಿನ ಫಾರೆಕ್ಸ್ (ವಿದೇಶಿ ಹಣದ) ಡೆಸ್ಕ್‌ನಲ್ಲಿ ಎಲ್‌ಸಿ ಅನ್ನೋ ಪಾವತಿ ಖಾತ್ರಿ ಪತ್ರ, ಎಕ್ಸ್‌ಪೋರ್ಟ್ ಬಿಲ್ ನೋಡ್ಕೊಂಡೇ ಸರ್ವೀಸ್ ಮುಗಿಸಿದೋನು, ಈಗ ಬಳ್ಳಾರಿಯಲ್ಲಿ ರಫ್ತು ಮಾಡೋರಿಗೆ ಕಾಗದಪತ್ರದಲ್ಲಿ ಸಹಾಯ ಮಾಡ್ತೀನಿ, ಹಾಗಾಗಿ ದುಡ್ಡು ಹೋಗೋ ಬರೋ ದಾರಿ ನೋಡ್ಕೊಂಡು ಉತ್ತರ ಕೊಡ್ತೀನಿ. ನನ್ನ ನಿಲುವು ಮೊದಲೇ ಹೇಳಿಬಿಡ್ತೀನಿ. ನಿರ್ಬಂಧದ ಬಲ ಇರೋದು, ನೀನು ಹೀಗೆ ನಡ್ಕೊಂಡ್ರೆ ತೆಗೀತೀವಿ ಅನ್ನೋ ಮಾತಿನಲ್ಲಿ. ತೆಗೆಯೋ ಬಾಗಿಲೇ ಮುಚ್ಚಿಬಿಟ್ರೆ ಎದುರಿನವನಿಗೆ ಬಗ್ಗೋಕೆ ಕಾರಣ ಇರಲ್ಲ, ಅವನು ನಿರ್ಬಂಧದ ಜೊತೆಗೇ ಬದುಕೋದು ಕಲೀತಾನೆ, ಅನುಭವಿಸೋದು ಮಾತ್ರ ಸಾಮಾನ್ಯ ಜನ.

ಮೊದಲು ನಿಮ್ಮ ಪೊಟ್ಯಾಷ್ ವಿಷಯ, ಯಾಕಂದ್ರೆ ಇಡೀ ಪ್ರಶ್ನೆ ಅದರಲ್ಲೇ ಅರ್ಥ ಆಗುತ್ತೆ. ನೀವು ರೈತರಿಗೆ ಹೇಳಿದ್ದು ಸುಳ್ಳಲ್ಲ, ಆದ್ರೆ ಅರ್ಧ ಸತ್ಯ. 2020ರ ಆಗಸ್ಟ್‌ನಲ್ಲಿ ಬೆಲಾರುಸ್‌ನಲ್ಲಿ ಚುನಾವಣೆ ಅಕ್ರಮ ಆಯ್ತು ಅಂತ ಜನ ಬೀದಿಗಿಳಿದ್ರು, ಸರ್ಕಾರ ಹಿಡಿದು ಜೈಲಿಗೆ ಹಾಕ್ತು, 2021ರ ಮೇನಲ್ಲಿ ಒಬ್ಬ ಪತ್ರಕರ್ತನನ್ನ ಹಿಡಿಯೋಕೆ ಹಾರ್ತಾ ಇದ್ದ ಪ್ಯಾಸೆಂಜರ್ ವಿಮಾನವನ್ನೇ ಇಳಿಸಿಕೊಂಡ್ರು, ಆಮೇಲೆ ಯುರೋಪ್, ಅಮೆರಿಕ ಎರಡೂ ಅಲ್ಲಿನ ಪೊಟ್ಯಾಷ್ ಮೇಲೆ ಕೈ ಹಾಕಿದ್ವು. 2022ರ ಫೆಬ್ರವರಿ 1ರಿಂದ ಪಕ್ಕದ ಲಿಥುವೇನಿಯಾ ದೇಶ ತನ್ನ ರೈಲಲ್ಲಿ ಆ ಮಾಲು ಸಾಗಿಸೋದನ್ನೇ ನಿಲ್ಲಿಸ್ತು. ಪ್ರಪಂಚದ ಪೊಟ್ಯಾಷ್‌ನಲ್ಲಿ ಹೆಚ್ಚುಕಡಿಮೆ ಐದನೇ ಒಂದು ಭಾಗ ಬೆಲಾರುಸ್‌ದು, ನಮ್ಮ ದೇಶಕ್ಕೆ ಬೇಕಾದ ಪೊಟ್ಯಾಷ್ ಹೆಚ್ಚುಕಡಿಮೆ ಎಲ್ಲಾ ಹೊರಗಿನಿಂದಲೇ ಬರಬೇಕು. ಅದೇ ತಿಂಗಳು ಯುಕ್ರೇನ್ ಯುದ್ಧ ಬೇರೆ ಶುರು ಆಯ್ತು, ರಷ್ಯಾ ಕೂಡ ದೊಡ್ಡ ಪೊಟ್ಯಾಷ್ ದೇಶ. ಭಾರತ ಆ ವರ್ಷ ಟನ್ನಿಗೆ 590 ಡಾಲರ್‌ಗೆ ಕಾಂಟ್ರಾಕ್ಟ್ ಮಾಡ್ಕೊಳ್ಳಬೇಕಾಯ್ತು.

ಆದ್ರೆ 2024ರ ಹೊತ್ತಿಗೆ ಆ ರೇಟು 300 ಡಾಲರ್‌ಗಿಂತ ಕೆಳಗೆ ಬಂತು. ನಿರ್ಬಂಧ ಹಾಗೇ ಇತ್ತು, ಮಾಲು ದಾರಿ ಬದಲಿಸಿತು ಅಷ್ಟೇ. ಬೆಲಾರುಸ್‌ನವರು ರಷ್ಯಾದ ಬಂದರುಗಳಿಂದ, ಚೀನಾಕ್ಕೆ ರೈಲಿನಲ್ಲಿ ಕಳಿಸೋಕೆ ಶುರು ಮಾಡಿದ್ರು. ಹಾಗಾದ್ರೆ ನಿಮ್ಮ ಅಂಗಡಿಯಲ್ಲಿ ಚೀಲದ ರೇಟು ಯಾಕೆ ಅದೇ ಲೆಕ್ಕದಲ್ಲಿ ಇಳೀಲಿಲ್ಲ? ಅದು ಸಬ್ಸಿಡಿ ಕಥೆ. 2022ರ ಮುಂಗಾರಿನಲ್ಲಿ ಪೊಟ್ಯಾಷ್‌ಗೆ ಕೆಜಿಗೆ 25.31 ರೂಪಾಯಿ ಸಬ್ಸಿಡಿ ಇತ್ತು, 2023-24ರ ಹಿಂಗಾರಿಗೆ ಅದು 2.38ಕ್ಕೆ ಬಂತು. ನೀವು ಮಾರೋ ಎಂಒಪಿ, ಅಂದ್ರೆ ಪೊಟ್ಯಾಷ್ ಗೊಬ್ಬರದ 50 ಕೆಜಿ ಚೀಲದಲ್ಲಿ ಪೊಟ್ಯಾಷ್ ಅಂಶ 30 ಕೆಜಿ, ಅಂದ್ರೆ ಚೀಲಕ್ಕೆ ಸುಮಾರು 760 ರೂಪಾಯಿ ಇದ್ದದ್ದು 71 ರೂಪಾಯಿ ಆಯ್ತು. ಹೊರಗೆ ಇಳಿದ ರೇಟಿನ ಲಾಭ ಸಬ್ಸಿಡಿ ಉಳಿತಾಯಕ್ಕೆ ಹೋಯ್ತು, ರೈತರ ಕೈಗೆ ಬರಲಿಲ್ಲ. ರೈತರು ಕೇಳಿದ್ರೆ ಇದನ್ನೂ ಸೇರಿಸಿ ಹೇಳಿ, ಅವರಿಗೆ ಪೂರ್ತಿ ಲೆಕ್ಕ ಗೊತ್ತಾಗಬೇಕು.

ಈ ಕಥೆಯ ಕೊನೆ ನಿಮ್ಮ ಮಗನಿಗೆ ಖಂಡಿತ ಹೇಳಿ. 2025ರ ಡಿಸೆಂಬರ್‌ನಲ್ಲಿ ಅಮೆರಿಕ ಆ ಪೊಟ್ಯಾಷ್ ನಿರ್ಬಂಧ ತೆಗೀತೀವಿ ಅಂತ ಒಪ್ಪಿಕೊಳ್ತು, ಬೆಲಾರುಸ್ 123 ಕೈದಿಗಳನ್ನ ಬಿಟ್ಟಿತು, ಅದರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಅಲೆಸ್ ಬಿಯಾಲಿಯಾಟ್ಸ್ಕಿ ಕೂಡ ಇದ್ರು. ಒಪ್ಪಂದ ಒಳ್ಳೇದೋ ಕೆಟ್ಟದ್ದೋ ಅಂತ ವಾದ ಮಾಡಬಹುದು, ಅಲ್ಲಿ ಸರ್ಕಾರ ಏನೂ ಬದಲಾಗಿಲ್ಲ. ಆದ್ರೆ ಆ ನಿರ್ಬಂಧ ಖಾಯಂ ಆಗಿದ್ರೆ, ಅಂದ್ರೆ ತೆಗೆಯೋ ಅಧಿಕಾರವೇ ಯಾರ ಕೈಯಲ್ಲೂ ಇಲ್ಲದೇ ಹೋಗಿದ್ರೆ, ಆ 123 ಜನಕ್ಕೆ ಬದಲಾಗಿ ಕೊಡೋಕೆ ಅಮೆರಿಕದ ಹತ್ರ ಏನಿರ್ತಿತ್ತು?

ಈಗ ಇರಾನ್ ಕಾನೂನು. ಇರಾನ್ ಮೇಲೆ ಅಮೆರಿಕದ ನಿರ್ಬಂಧ 1979ರಿಂದಲೇ ಇದೆ, ಟೆಹರಾನ್‌ನಲ್ಲಿ ಅಮೆರಿಕದ ರಾಯಭಾರ ಕಚೇರಿಯವರನ್ನ ಒತ್ತೆ ಇಟ್ಕೊಂಡಾಗ ಶುರುವಾದದ್ದು. ನೀವು ಓದಿದ್ದು 1996ರ ಕಾಯ್ದೆ ಬಗ್ಗೆ. ಇರಾನಿನ ತೈಲ, ಗ್ಯಾಸ್‌ನಲ್ಲಿ ದೊಡ್ಡ ಬಂಡವಾಳ ಹಾಕೋ ಬೇರೆ ದೇಶದ ಕಂಪನಿಗಳಿಗೂ ಶಿಕ್ಷೆ ಅನ್ನೋದು ಅದರ ತಿರುಳು. ಮಾಡುವಾಗ 5 ವರ್ಷದ ಗಡುವು ಇಟ್ರು, ಆಮೇಲೆ ಮತ್ತೆ ಮತ್ತೆ ಮುಂದೂಡಿದ್ರು, 2016ರಲ್ಲಿ ಮುಂದೂಡಿದ್ದು 2026ರ ಡಿಸೆಂಬರ್ 31ಕ್ಕೆ ಮುಗಿಯುತ್ತೆ. ಆ ಗಡುವಿನ ಸಾಲನ್ನೇ ಅಳಿಸಿಹಾಕಬೇಕು ಅನ್ನೋ ಮಸೂದೆ ಅಮೆರಿಕದ ಸಂಸತ್ತಿನಲ್ಲಿ ಮಂಡನೆ ಆಗಿದೆ. ಇಲ್ಲೊಂದು ತಪ್ಪು ತಿಳುವಳಿಕೆ ಇದೆ, ಗಡುವು ಮುಗಿದ್ರೆ ಇರಾನ್‌ಗೆ ಬಿಡುಗಡೆ ಅಂತ. ಹಾಗಿಲ್ಲ. ಅಧ್ಯಕ್ಷರ ಆದೇಶಗಳು, ಬೇರೆ ಕಾನೂನುಗಳು ಬೇಕಾದಷ್ಟಿವೆ, ವಿಶ್ವಸಂಸ್ಥೆಯ ಹಳೇ ನಿರ್ಬಂಧಗಳೂ 2025ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್, ಫ್ರಾನ್ಸ್, ಜರ್ಮನಿ ಒತ್ತಾಯದಿಂದ ವಾಪಸ್ ಬಂದ್ವು. ಗಡುವಿನ ಸಾಲು ಅಳಿಸಿದ್ರೆ ಆಗೋದು ಒಂದೇ, ಈ ನೀತಿ ಕೆಲಸ ಮಾಡ್ತಿದೆಯಾ ಅಂತ ಕೆಲವು ವರ್ಷಕ್ಕೊಮ್ಮೆ ಕೂತು ಕೇಳ್ಕೊಳ್ಳೋ ಅನಿವಾರ್ಯತೆ ತಪ್ಪಿಹೋಗುತ್ತೆ.

ಇದೇ ಕಾಯ್ದೆಯಲ್ಲಿ ಶುರುವಿನಲ್ಲಿ ಇನ್ನೊಂದು ದೇಶದ ಹೆಸರೂ ಇತ್ತು, ಲಿಬಿಯಾ. ಲಿಬಿಯಾ 2003ರಲ್ಲಿ ಲಾಕರ್ಬಿ ವಿಮಾನ ಸ್ಫೋಟದ ಹೊಣೆ ಒಪ್ಪಿ ಪರಿಹಾರಕ್ಕೆ ಕೈ ಹಾಕ್ತು, ಅದೇ ಡಿಸೆಂಬರ್‌ನಲ್ಲಿ ಅಣು, ರಾಸಾಯನಿಕ ಅಸ್ತ್ರದ ಕಾರ್ಯಕ್ರಮ ಬಿಡ್ತೀನಿ ಅಂತು, 2004ರಲ್ಲಿ ಬಹುತೇಕ ನಿರ್ಬಂಧ ಹೋದ್ವು, 2006ರಲ್ಲಿ ಕಾಯ್ದೆಯಿಂದ ಹೆಸರೇ ತೆಗೆದ್ರು. ಏನು ಕೇಳ್ತಿದ್ದಾರೆ ಅನ್ನೋದು ಸ್ಪಷ್ಟ ಇತ್ತು, ಕೊಟ್ರೆ ಸಿಗುತ್ತೆ ಅನ್ನೋ ನಂಬಿಕೆ ಇತ್ತು, ಕೆಲಸ ಆಯ್ತು. (2011ರಲ್ಲಿ ಲಿಬಿಯಾ ಆಳ್ತಿದ್ದ ಗಡಾಫಿಯನ್ನ ಬೀಳಿಸಿ ಕೊಂದದ್ದನ್ನ ಇರಾನ್, ಉತ್ತರ ಕೊರಿಯಾ ಎರಡೂ ನೋಡಿದಾವೆ, ಅಸ್ತ್ರ ಬಿಟ್ಟುಕೊಟ್ರೆ ಕ್ಷೇಮ ಅಂತ ಅವರು ನಂಬೋದು ಈಗ ಕಷ್ಟ, ಇದನ್ನೂ ಹೇಳಲೇಬೇಕು.)

ಖಾಯಂ ಆದ್ರೆ ಹೇಗಿರುತ್ತೆ ಅನ್ನೋದಕ್ಕೆ ಕ್ಯೂಬಾ ನೋಡಿ. 1962ರಲ್ಲಿ ಕೆನಡಿ ಕಾಲದಲ್ಲಿ ಪೂರ್ತಿ ವ್ಯಾಪಾರ ಬಂದ್. 1996ರವರೆಗೆ ಅದನ್ನ ಸಡಿಲಿಸೋದು ಹೆಚ್ಚಾಗಿ ಅಧ್ಯಕ್ಷರ ಕೈಯಲ್ಲಿತ್ತು, ಆ ವರ್ಷ ಹೆಲ್ಮ್ಸ್-ಬರ್ಟನ್ ಕಾಯ್ದೆ ಮಾಡಿ ಕಾನೂನಿನೊಳಗೇ ಕೂಡಿಸಿಬಿಟ್ರು, ಸಂಸತ್ತು ಒಪ್ಪದೆ ತೆಗೆಯೋ ಹಾಗಿಲ್ಲ ಅಂತ. ಆಮೇಲೆ ಒಬಾಮಾ ಕ್ಯೂಬಾ ಜೊತೆ ರಾಜತಾಂತ್ರಿಕ ಸಂಬಂಧ ಮತ್ತೆ ಶುರು ಮಾಡಿದ್ರು, ಹವಾನಾಕ್ಕೂ ಹೋಗಿಬಂದ್ರು, ಆದ್ರೂ ಮೂಲ ದಿಗ್ಬಂಧನ ಮುಟ್ಟೋಕೆ ಆಗಲಿಲ್ಲ. 60 ವರ್ಷ ದಾಟಿದ್ರೂ ಯಾವ ಸರ್ಕಾರ ಬೀಳಿಸೋಕೆ ಹಾಕಿದ್ರೋ ಅದೇ ಪಕ್ಷ ಅಲ್ಲಿ ಆಳ್ತಾ ಇದೆ. ಇನ್ನೊಂದು ಉದಾಹರಣೆ ಕಡಿಮೆ ಜನಕ್ಕೆ ಗೊತ್ತು. ಸೋವಿಯತ್ ಒಕ್ಕೂಟ ತನ್ನ ಯಹೂದಿ ಪ್ರಜೆಗಳನ್ನ ದೇಶ ಬಿಟ್ಟು ಹೋಗೋಕೆ ಬಿಡ್ತಿಲ್ಲ ಅಂತ ಅಮೆರಿಕ 1974ರಲ್ಲಿ ಜಾಕ್ಸನ್-ವನಿಕ್ ಅಂತ ಒಂದು ವ್ಯಾಪಾರ ನಿರ್ಬಂಧ ತಂತು. ದೇಶ ಬಿಡೋಕೆ ಇದ್ದ ಆ ತಡೆ ಹೋಯ್ತು, ಸೋವಿಯತ್ ಒಕ್ಕೂಟವೇ 1991ರಲ್ಲಿ ಇಲ್ಲವಾಯ್ತು, ಆದ್ರೆ ಆ ನಿರ್ಬಂಧ ರಷ್ಯಾ ಮೇಲೆ 2012ರವರೆಗೆ ಕಾಗದದಲ್ಲಿ ಉಳೀತು. ಯಾಕಂದ್ರೆ ಕಾನೂನು ತೆಗೆಯೋಕೆ ಓಟು ಹಾಕೋ ಸದಸ್ಯನಿಗೆ ರಾಜಕೀಯವಾಗಿ ಏನೂ ಲಾಭ ಇಲ್ಲ, ಬೈಸಿಕೊಳ್ಳೋದು ಮಾತ್ರ ಗ್ಯಾರಂಟಿ.

ಈಗ ನಿಮ್ಮ ಮಗನ ಮಾತಿಗೆ ಬರ್ತೀನಿ, ಅದನ್ನ ತಳ್ಳಿಹಾಕೋ ಹಾಗಿಲ್ಲ. ಗಡುವು ಇದ್ರೆ ಎದುರಿನವನು ಉಸಿರು ಬಿಗಿಹಿಡಿದು ಕಾಯ್ತಾನೆ, ಕಂಪನಿಗಳೂ ಇನ್ನೇನು ಮುಗಿಯುತ್ತೆ ಅಂತ ಹಿಂಬಾಗಿಲು ತೆರೆದಿಟ್ಕೊಳ್ತಾವೆ, ಇದು ನಿಜ. ಯುರೋಪ್ ಒಕ್ಕೂಟಕ್ಕೆ ಇದು ಚೆನ್ನಾಗಿ ಗೊತ್ತಾಗಿದೆ. ರಷ್ಯಾ ಮೇಲಿನ ನಿರ್ಬಂಧಗಳನ್ನ 6 ತಿಂಗಳಿಗೊಮ್ಮೆ ಎಲ್ಲಾ ದೇಶಗಳೂ ಒಮ್ಮತದಿಂದ ಮುಂದುವರಿಸಬೇಕು, ಹಂಗೇರಿಯಂಥ ಒಂದೇ ದೇಶ ಕೈ ಎತ್ತಲ್ಲ ಅಂದ್ರೆ ಎಲ್ಲರೂ ಅದರ ಕಾಲು ಹಿಡಿಯಬೇಕು. ಅದಕ್ಕೇ 2025ರ ಡಿಸೆಂಬರ್‌ನಲ್ಲಿ ರಷ್ಯಾದ ಕೇಂದ್ರ ಬ್ಯಾಂಕಿನ ಸುಮಾರು 21,000 ಕೋಟಿ ಯೂರೋ ಆಸ್ತಿಯನ್ನ ಗಡುವಿಲ್ಲದೆ ಸ್ತಂಭನ ಮಾಡಿದ್ರು. ನನಗೆ ಆ ನಿರ್ಧಾರ ಸರಿ ಅನ್ಸುತ್ತೆ, ಯಾಕಂದ್ರೆ ಅಲ್ಲಿ ಗಡುವು ತೆಗೆದ್ರೂ ಷರತ್ತು ಉಳಿಸಿಕೊಂಡ್ರು, ಯುದ್ಧ ನಿಲ್ಲಬೇಕು, ಯುಕ್ರೇನ್‌ಗೆ ಆದ ನಷ್ಟ ಕೊಡಬೇಕು ಅಂತ. ಗಡುವಿಲ್ಲದ್ದು ಬೇರೆ, ಷರತ್ತಿಲ್ಲದ್ದು ಬೇರೆ. ನಿಮ್ಮ ಮಗ ಇವೆರಡನ್ನೂ ಒಂದೇ ಅಂತ ತಿಳ್ಕೊಂಡಂಗಿದೆ, ತಿಳ್ಕೊಂಡೋರು ಅವನೊಬ್ಬನೇ ಅಲ್ಲ, ಟಿವಿ ಚರ್ಚೆಯಲ್ಲೂ ಇದೇ ಗೊಂದಲ.

ಇರಾಕ್ ಮಕ್ಕಳ ವಿಷಯ ಸ್ವಲ್ಪ ಹುಷಾರಾಗಿ ಹೇಳಬೇಕು. ಆ 5 ಲಕ್ಷದ ಸಂಖ್ಯೆ 1990ರ ದಶಕದ ಸಮೀಕ್ಷೆಗಳಿಂದ ಬಂದದ್ದು, 2003ರ ನಂತರ ನಡೆದ ಸಮೀಕ್ಷೆಗಳಲ್ಲಿ ಮಕ್ಕಳ ಸಾವು ಆ ಮಟ್ಟಕ್ಕೆ ಏರಿದ್ದೇ ಕಾಣಲಿಲ್ಲ, ಸದ್ದಾಂ ಸರ್ಕಾರ ಅಂಕಿಅಂಶ ತಿರುಚಿತ್ತು ಅಂತ 2017ರಲ್ಲಿ ಸಂಶೋಧಕರು ಬರೆದ್ರು. ಹಾಗಂತ ಜನ ಸುಖವಾಗಿದ್ರು ಅಂತಲ್ಲ. 1990ರ ಆಗಸ್ಟ್‌ನಿಂದ ನಿರ್ಬಂಧ, ತೈಲ ಮಾರಿ ಅನ್ನ ತಗೊಳ್ಳೋ ವ್ಯವಸ್ಥೆ ಜಾರಿಗೆ ಬಂದದ್ದೇ 1996ರ ಕೊನೆಗೆ, ನಡುವೆ ಸಂಬಳಕ್ಕೆ ಬೆಲೆ ಇಲ್ಲ, ಆಸ್ಪತ್ರೆ, ನೀರು, ಕರೆಂಟು ಎಲ್ಲಾ ಹದಗೆಟ್ಟವು. ಇಲ್ಲಿ ಗಮನಿಸೋ ವಿಷಯ ರೇಷನ್. ನಿರ್ಬಂಧ ಬಿದ್ದ ಕೂಡಲೇ ಸದ್ದಾಂ ಸರ್ಕಾರ ಮನೆಮನೆಗೆ ರೇಷನ್ ಶುರು ಮಾಡ್ತು. ಹಿಟ್ಟು, ಅಕ್ಕಿ, ಎಣ್ಣೆ ಎಲ್ಲಾ ಸರ್ಕಾರದ ಕಾರ್ಡಿನಿಂದಲೇ ಬರಬೇಕು ಅಂದ್ರೆ ಆ ಸರ್ಕಾರದ ವಿರುದ್ಧ ಯಾರು ಬಾಯಿ ಬಿಡ್ತಾರೆ? ಯಾರನ್ನ ದುರ್ಬಲ ಮಾಡೋಕೆ ಹೊರಟ್ರೋ ಅವನ ಕೈಗೇ ಜನರ ಹೊಟ್ಟೆ ಕೊಟ್ಟಂಗಾಯ್ತು.

ಇರಾನ್‌ನಲ್ಲೂ ಇದೇ ಬೇರೆ ರೂಪದಲ್ಲಿ ನಡೀತಾ ಇದೆ. ಅಣು ಕಾರ್ಯಕ್ರಮಕ್ಕೆ ಮಿತಿ ಹಾಕ್ಕೊಂಡ್ರೆ ನಿರ್ಬಂಧ ಸಡಿಲ ಅಂತ ಇರಾನ್ ಜೊತೆ ಆದ 2015ರ ಒಪ್ಪಂದದ ಹೊತ್ತಿಗೆ ಒಂದು ಡಾಲರ್‌ಗೆ ಮೂವತ್ತು ಚಿಲ್ಲರೆ ಸಾವಿರ ರಿಯಾಲ್ ಇತ್ತು, 2018ರಲ್ಲಿ ಟ್ರಂಪ್ ಒಪ್ಪಂದದಿಂದ ಹೊರಬಂದ್ರು, 2025ರಲ್ಲಿ ಡಾಲರ್ 10 ಲಕ್ಷ ರಿಯಾಲ್ ದಾಟಿತು. ಮೇಷ್ಟ್ರು, ನರ್ಸು, ಪಿಂಚಣಿಯವರು ಕೂಡಿಟ್ಟದ್ದೆಲ್ಲಾ ಕರಗಿಹೋಯ್ತು. ಅದರಲ್ಲಿ ಅಲ್ಲಿನ ಸರ್ಕಾರದ ದುರಾಡಳಿತದ ಪಾಲೂ ದೊಡ್ಡದಿದೆ, ಎಲ್ಲಾ ನಿರ್ಬಂಧದ ಮೇಲೆ ಹಾಕೋದು ತಪ್ಪು. ಆದ್ರೆ ಬಂದರು, ಗಡಿ, ಕಳ್ಳದಾರಿ ಯಾರ ಕೈಯಲ್ಲಿದೆಯೋ ಆ ರೆವಲ್ಯೂಷನರಿ ಗಾರ್ಡ್ ಅನ್ನೋ ಸೇನಾಪಡೆಯವರಿಗೆ ನಿರ್ಬಂಧವೇ ವ್ಯಾಪಾರ ಆಯ್ತು. ತೈಲ ಮಾರಾಟ ನಿಲ್ಲಲಿಲ್ಲ, ಹೆಸರು ಬದಲಿಸಿದ ಹಳೇ ಹಡಗುಗಳಲ್ಲಿ ಬಹುಪಾಲು ಚೀನಾದ ಸಣ್ಣ ರಿಫೈನರಿಗಳಿಗೆ ರಿಯಾಯ್ತಿ ರೇಟಿನಲ್ಲಿ ಹೋಗುತ್ತೆ. ನಾವು 2019ರ ಮೇ ನಂತರ ಇರಾನ್ ತೈಲ ನಿಲ್ಲಿಸಿದ್ವಿ, ಫರ್ಜಾದ್-ಬಿ ಅನ್ನೋ ಗ್ಯಾಸ್ ನಿಕ್ಷೇಪ ನಮ್ಮ ಒಎನ್‌ಜಿಸಿ ವಿದೇಶ್ ಕಂಡುಹಿಡಿದದ್ದು, 2021ರಲ್ಲಿ ಇರಾನ್ ಅದನ್ನ ತನ್ನದೇ ಕಂಪನಿಗೆ ಕೊಟ್ಟುಬಿಡ್ತು.

ದೀರ್ಘಕಾಲದ ನಿರ್ಬಂಧ ಎದುರಿನವನಿಗೆ ಸ್ವಂತ ಕಾಲ ಮೇಲೆ ನಿಲ್ಲೋದೂ ಕಲಿಸುತ್ತೆ, ಇದಕ್ಕೆ ನಾವೇ ಸಾಕ್ಷಿ. 1992ರಲ್ಲಿ ಅಮೆರಿಕ ಇಸ್ರೋ ಮೇಲೆ ನಿರ್ಬಂಧ ಹಾಕ್ತು, ರಷ್ಯಾ ಕ್ರಯೋಜೆನಿಕ್ (ಅತಿ ತಣ್ಣನೆಯ ಇಂಧನದ ರಾಕೆಟ್) ಎಂಜಿನ್ ತಂತ್ರಜ್ಞಾನ ಕೊಡೋದರಿಂದ ಹಿಂದೆ ಸರೀತು. ತುಂಬಾ ವರ್ಷ ಹಿಡೀತು, ಸೋಲೂ ಆದ್ವು, ಆದ್ರೆ 2014ರ ಜನವರಿಯಲ್ಲಿ ನಮ್ಮದೇ ಎಂಜಿನ್ ಹಾರಿತು. ಅದೇ 1998ರ ಪೋಖ್ರಾನ್ ನಂತರ ಹಾಕಿದ ನಿರ್ಬಂಧ ಸಡಿಲ ಮಾಡೋ ಅಧಿಕಾರ ಅಧ್ಯಕ್ಷರಿಗೆ ಸಿಕ್ಕಿದ್ದಕ್ಕೆ 2001ರ ಸೆಪ್ಟೆಂಬರ್‌ಗೆ ಅದು ಹೋಯ್ತು, 2008ರಲ್ಲಿ ಎರಡೂ ದೇಶ ಅಣು ಒಪ್ಪಂದಕ್ಕೆ ಸಹಿ ಹಾಕಿದ್ವು. ಆಗ ಯಾರಾದ್ರೂ ಇದನ್ನ ಖಾಯಂ ಮಾಡಿದ್ದಿದ್ರೆ ಈ ಸಂಬಂಧ ಬೆಳೀತಿತ್ತಾ ಯೋಚಿಸಿ.

ಈಗ ನನ್ನ ಕೆಲಸದ ಕಡೆಯ ಮಾತು. ನಿರ್ಬಂಧ ತೆಗೆದ ದಿನ ಎಲ್ಲಾ ಸರಿಹೋಗುತ್ತೆ ಅನ್ನೋದು ದೊಡ್ಡ ಭ್ರಮೆ. ಎಕ್ಸ್‌ಪೋರ್ಟ್ ಬಿಲ್ ಡೆಸ್ಕ್‌ಗೆ ಬಂದಾಗ ನಾವು ಮೊದಲು ನೋಡೋದು ಮಾಲು ಏನು ಅನ್ನೋದಲ್ಲ, ಬಿಲ್ ಆಫ್ ಲೇಡಿಂಗ್ ಅನ್ನೋ ಹಡಗಿನ ರಸೀದಿಯಲ್ಲಿ ಹಡಗಿನ ಹೆಸರು, ಅದರ ಗುರುತಿನ ಐಎಂಒ ನಂಬರ್, ನಡುವೆ ಎಲ್ಲಿ ಇಳಿಸಿ ಹತ್ತಿಸ್ತಾರೆ, ತಗೊಳ್ಳೋ ಪಾರ್ಟಿ ಯಾರು, ದುಡ್ಡು ಯಾವ ಬ್ಯಾಂಕಿಂದ. ಈ ಹೆಸರುಗಳನ್ನೆಲ್ಲಾ ಸಾಫ್ಟ್‌ವೇರ್ ಅಮೆರಿಕದ ಪಟ್ಟಿ ಜೊತೆ ತಾಳೆ ಹಾಕುತ್ತೆ. ಅಲಿ, ಹುಸೇನ್ ಅಂಥ ಹೆಸರು ಬಂತು ಅಂದ್ರೆ ಸಾಕು ಸ್ಕ್ರೀನ್ ಮೇಲೆ ಕೆಂಪು ಗುರುತು, ಅವನು ಆ ಮನುಷ್ಯ ಅಲ್ಲ ಅಂತ ಪಾಸ್‌ಪೋರ್ಟ್ ನಂಬರ್, ಹುಟ್ಟಿದ ತಾರೀಖು ತರಿಸಿ ಸಾಬೀತು ಮಾಡೋವರೆಗೆ ದುಡ್ಡು ಅಲ್ಲೇ ನಿಲ್ಲುತ್ತೆ. ಔಷಧಿ, ಆಹಾರಕ್ಕೆ ನಿರ್ಬಂಧದಿಂದ ವಿನಾಯ್ತಿ ಇದೆ ಅಂತ ಕಾನೂನು ಹೇಳುತ್ತೆ, ನಿಜ. ಆದ್ರೆ 2014ರಲ್ಲಿ ಬಿಎನ್‌ಪಿ ಪರಿಬಾ ಬ್ಯಾಂಕು ಸುಡಾನ್, ಇರಾನ್, ಕ್ಯೂಬಾ ವ್ಯವಹಾರಕ್ಕೆ ಸುಮಾರು 890 ಕೋಟಿ ಡಾಲರ್ ದಂಡ ಕಟ್ಟಿದ್ದನ್ನ ನೋಡಿದ ಯಾವ ಬ್ಯಾಂಕೂ ನಾಕು ಕಾಸಿನ ಕಮಿಷನ್‌ಗಾಗಿ ಆ ರಿಸ್ಕ್ ತಗೊಳ್ಳಲ್ಲ. ಹಿಮೋಫಿಲಿಯಾ (ರಕ್ತ ಹೆಪ್ಪುಗಟ್ಟದ ಕಾಯಿಲೆ), ಕ್ಯಾನ್ಸರ್ ಔಷಧಿಗೆ ಇರಾನ್ ರೋಗಿಗಳು ಪರದಾಡೋದು ಇದರಿಂದ. 2015ರ ಒಪ್ಪಂದದ ಪ್ರಕಾರ 2016ರಲ್ಲಿ ಇರಾನ್ ಮೇಲಿನ ಅಣು ಸಂಬಂಧದ ನಿರ್ಬಂಧ ಅಧಿಕೃತವಾಗಿ ತೆಗೆದಾಗಲೂ ದೊಡ್ಡ ಯುರೋಪಿಯನ್ ಬ್ಯಾಂಕುಗಳು ವಾಪಸ್ ಹೋಗಲಿಲ್ಲ. ತಾತ್ಕಾಲಿಕ ನಿರ್ಬಂಧವೇ ಅರ್ಧ ಖಾಯಂ ಥರ ನಡ್ಕೊಳ್ಳುವಾಗ ಕಾನೂನಿನಲ್ಲೂ ಖಾಯಂ ಅಂತ ಬರೆದ್ರೆ ಯಾವ ಬ್ಯಾಂಕೂ ಅತ್ತ ತಲೆ ಹಾಕಿ ಮಲಗಲ್ಲ.

ವ್ಯಾಪಾರ ಒಮ್ಮೆ ದಾರಿ ಬದಲಿಸಿದ್ರೆ ವಾಪಸ್ ಬರೋದು ಎಷ್ಟು ಕಷ್ಟ ಅನ್ನೋದಕ್ಕೆ ನಮ್ಮ ಬಳ್ಳಾರಿ ಅದಿರೇ ಇದೆ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸ್ತು, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನೇ ನಿಲ್ಲಿಸ್ತು. ಅದು ಬೇಕಾಗಿತ್ತು, ಆ ಲೂಟಿ, ಆ ಧೂಳು ನೋಡಿದ ಯಾರೂ ಬೇಡ ಅನ್ನಲ್ಲ. ಆದ್ರೆ ಸಂಡೂರು, ಹೊಸಪೇಟೆ ಕಡೆ ಸಾಲ ಮಾಡಿ ಲಾರಿ ತಗೊಂಡೋರ ಗಾಡಿಗಳನ್ನ ಫೈನಾನ್ಸ್‌ನವರು ಎಳ್ಕೊಂಡು ಹೋದ್ರು, ಗಣಿ ಮಾಡಿದವರಿಗಿಂತ ಮೊದಲು ಬಿದ್ದವರು ಅವರೇ. ಕೋರ್ಟ್ ರಫ್ತಿಗೆ ಮತ್ತೆ ಅವಕಾಶ ಕೊಟ್ಟದ್ದು 2022ರ ಮೇ 20ಕ್ಕೆ, ಅಷ್ಟೊತ್ತಿಗೆ ಹಳೇ ಖರೀದಿದಾರರು ಬೇರೆ ಕಡೆ ಹೋಗಿ ವರ್ಷಗಳೇ ಆಗಿದ್ವು, ಮಾರನೇ ದಿನವೇ ಕೇಂದ್ರ ಸರ್ಕಾರ ರಫ್ತು ಸುಂಕ ಏರಿಸಿತು ಅದು ಬೇರೆ ಮಾತು. ಇಲ್ಲಿ ಕೋರ್ಟ್ ಆಗಾಗ ನೋಡ್ತಾ, ಹಂತಹಂತವಾಗಿ ಗಣಿ ತೆರೀತಾ ಬಂತು, ಆದ್ರೂ ರಫ್ತಿಗೆ 12 ವರ್ಷ. ನೋಡೋರೇ ಇಲ್ಲದ ನಿರ್ಬಂಧ ಇನ್ನೆಷ್ಟು ದೂರ ಎಳೀಬಹುದು.

ಹಾಗಾದ್ರೆ ಏನು ಮಾಡಬೇಕು ಅಂತ ಕೇಳಿದ್ರೆ, ನನಗೆ ಹಿಡಿಸೋದು ದಕ್ಷಿಣ ಆಫ್ರಿಕಾ ಮಾದರಿ. ವರ್ಣಭೇದದ ವಿರುದ್ಧ ಮೊದಲು ವ್ಯಾಪಾರ ಕಡಿದುಕೊಂಡ ದೇಶ ನಮ್ಮದು, 1946ರಲ್ಲೇ, ಅದು ಹೆಮ್ಮೆಯ ವಿಷಯ. ಅಮೆರಿಕ 1986ರಲ್ಲಿ, ರೇಗನ್ ವೀಟೊ ಮಾಡಿದ್ರೂ ಕೇಳದೆ, ಕಾಯ್ದೆ ಮಾಡ್ತು, ಆದ್ರೆ ಅದರೊಳಗೇ ಮಂಡೇಲಾ ಬಿಡಬೇಕು, ನಿಷೇಧಿತ ಪಕ್ಷಗಳಿಗೆ ಅವಕಾಶ ಕೊಡಬೇಕು, ಮಾತುಕತೆಗೆ ಕೂರಬೇಕು ಅಂತ ಷರತ್ತು ಬರೆದಿಟ್ರು. ಷರತ್ತು ಈಡೇರಿವೆ ಅಂತ 1991ರ ಜುಲೈನಲ್ಲಿ ತೆಗೆದ್ರು. ಗಡುವು ಬೇಕಿಲ್ಲ, ಆದ್ರೆ ಏನು ಮಾಡಿದ್ರೆ ಎಷ್ಟು ಸಡಿಲ ಅನ್ನೋದು ಕಪ್ಪು ಬಿಳುಪಿನಲ್ಲಿ ಇರಬೇಕು, ಆಹಾರ ಔಷಧಿಗೆ ಬರೀ ವಿನಾಯ್ತಿ ಸಾಲದು, ಅದರ ದುಡ್ಡು ಹೋಗೋಕೆ ಒಂದು ಬ್ಯಾಂಕ್ ದಾರಿಯನ್ನೂ ಮಾಡಿಕೊಡಬೇಕು. ಆಯುಧ, ಅಣು ತಂತ್ರಜ್ಞಾನ ಇಂಥವನ್ನ ಬೇಕಾದ್ರೆ ಎಷ್ಟು ವರ್ಷ ಆದ್ರೂ ತಡೀಲಿ, ಅದರಿಂದ ಸಾಮಾನ್ಯ ಮನುಷ್ಯನ ಅಡಿಗೆಮನೆಗೆ ಏಟು ಬೀಳಲ್ಲ. ಇದರಲ್ಲೂ ಅಪಾಯ ಇದೆ. ಜಾಣ ಸರ್ವಾಧಿಕಾರಿ ಷರತ್ತಿನ ಪಟ್ಟಿ ನೋಡ್ಕೊಂಡು ತೋರಿಕೆಗೆ ನಾಕು ಕೈದಿ ಬಿಟ್ಟು ಮಾರನೇ ತಿಂಗಳು ಹತ್ತು ಜನ ಹಿಡೀಬಹುದು, ಬೆಲಾರುಸ್‌ನಲ್ಲಿ ಆ ಭಯ ಇದ್ದೇ ಇದೆ. ಆದ್ರೂ ಕ್ಯೂಬಾದ ದಾರಿಗಿಂತ ಇದು ಮೇಲು ಅನ್ನೋದ್ರಲ್ಲಿ ನನಗೆ ಅನುಮಾನ ಇಲ್ಲ. ನಿರ್ಬಂಧಗಳ ಬಗ್ಗೆ ತುಂಬಾ ಅಧ್ಯಯನ ಮಾಡಿದ ಹಫ್‌ಬೌರ್ ತಂಡದ ಲೆಕ್ಕದಲ್ಲೇ ಅಷ್ಟೋ ಇಷ್ಟೋ ಫಲ ಕೊಟ್ಟದ್ದು ಮೂರರಲ್ಲಿ ಒಂದು ಪ್ರಕರಣ, ಅದೂ ಜಾಸ್ತಿ ಆಯ್ತು ಅಂತ ರಾಜಕೀಯ ಶಾಸ್ತ್ರಜ್ಞ ರಾಬರ್ಟ್ ಪೇಪ್‌ನಂಥವರು ವಾದ ಮಾಡಿದ್ರು.

ನಿಮ್ಮ ಅಂಗಡಿಗೆ ನೇರವಾಗಿ ಏನೂ ತೊಂದರೆ ಇಲ್ಲ. ಮಾಲು ಯಾವ ದೇಶದ್ದು ಅಂತ ನೋಡಿ ತರಿಸೋ ಜವಾಬ್ದಾರಿ ಆಮದು ಕಂಪನಿದು, ಚೀಲ ಮಾರೋರದ್ದಲ್ಲ. ಸುದ್ದಿ ಕೇಳಿ ಗಾಬರಿಯಾಗಿ ಸ್ಟಾಕ್ ತುಂಬಿಕೊಳ್ಳಬೇಡಿ, ಮೊದಲ ಏಟಿಗೆ ಏರಿದ ಹೊರಗಿನ ರೇಟು ದಾರಿ ಬದಲಾದ ಮೇಲೆ ಇಳಿಯೋದನ್ನ ಆಗಲೇ ನೋಡಿದ್ವಿ, ಏರಿದಾಗ ತಗೊಂಡೋರು ಸಿಕ್ಕಾಕ್ಕೊಳ್ತಾರೆ. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಪೊಟ್ಯಾಷ್ ಹಾಕಿ ಅಂತ ರೈತರಿಗೆ ಹೇಳಿ, ಸಕ್ಕರೆ ಕಾರ್ಖಾನೆ ಕಾಕಂಬಿಯಿಂದ ಬರೋ ಪಿಡಿಎಂ ಪೊಟ್ಯಾಷ್‌ಗೂ ಸಬ್ಸಿಡಿ ಇದೆ, ಅದರಲ್ಲಿ ಪೊಟ್ಯಾಷ್ ಅಂಶ 14.5 ಪರ್ಸೆಂಟ್ ಅಷ್ಟೇ ಅನ್ನೋದು ಬಾಯಿಬಿಟ್ಟು ಹೇಳಿ ಮಾರಿ.

ಅಳಿಯನ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ. ಇರಾನ್‌ಗೆ ಅಕ್ಕಿ ಕಳಿಸೋದು ತಪ್ಪಲ್ಲ, ನಮ್ಮ ದೇಶದಿಂದ ಬಾಸ್ಮತಿ ಲೆಕ್ಕವಿಲ್ಲದಷ್ಟು ಹೋಗುತ್ತೆ. ಮೊದಲು ನಾವು ತೈಲಕ್ಕೆ ಕೊಡೋ ರೂಪಾಯಿ ಯೂಕೋ ಬ್ಯಾಂಕ್ ಖಾತೆಯಲ್ಲಿ ಕೂಡ್ತಿತ್ತು, ಅದರಿಂದ ಇರಾನ್ ಅಕ್ಕಿ, ಚಹಾದ ಬಿಲ್ ಕಟ್ತಿತ್ತು. ತೈಲ ನಿಂತ ಮೇಲೆ ಆ ಖಾತೆ ಬತ್ತಿತು, ಅಕ್ಕಿ ಕಳಿಸಿದವರ ದುಡ್ಡು ತಿಂಗಳುಗಟ್ಟಲೆ ನಿಂತ್ಕೊಳ್ತು. ದುಬೈ ಬ್ರೋಕರ್, ಬಿಲ್ಲಿನಲ್ಲಿ ದುಬೈ ಅಂತ ಮಾತ್ರ ಬರೀರಿ ಇರಾನ್ ಹೆಸರು ಬೇಡ ಅಂದ್ರೆ ಆ ಆರ್ಡರೇ ಬೇಡ, ಕಾಗದದಲ್ಲಿ ಸುಳ್ಳು ಬರೆದ್ರೆ ಆಹಾರದ ವಿನಾಯ್ತಿಯೂ ಕಾಪಾಡಲ್ಲ, ಖಾತೆ ಫ್ರೀಜ್ ಆದ್ರೆ ಮಿಲ್ಲಿನ ಬೇರೆ ವ್ಯವಹಾರವೂ ನಿಲ್ಲುತ್ತೆ. ಪಾರ್ಟಿ ಹೆಸರು, ಬ್ಯಾಂಕ್, ಹಡಗು ಎಲ್ಲಾ ಬರೆದು ಕೊಡೋಕೆ ತಯಾರಿದ್ರೆ, ಅದನ್ನ ತಗೊಂಡು ಮೊದಲು ತಮ್ಮ ಬ್ಯಾಂಕಿನ ಫಾರೆಕ್ಸ್ ಬ್ರಾಂಚಿಗೆ ಹೋಗಿ, ಈ ದುಡ್ಡು ನೀವು ತಗೊಳ್ತೀರಾ ಅಂತ ಕೇಳಿ ಲಿಖಿತವಾಗಿ ಉತ್ತರ ಇಸ್ಕೊಳ್ಳೋಕೆ ಹೇಳಿ. ಹೂಂ ಅಂದ್ರೂ ಪೂರ್ತಿ ಅಡ್ವಾನ್ಸ್ ಖಾತೆಗೆ ಬೀಳೋವರೆಗೆ ಒಂದು ಚೀಲವೂ ಲೋಡ್ ಮಾಡೋದು ಬೇಡ.